ಹಣ್ಣಿನ ಪುಡಿಯನ್ನು ನಂಬಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿಕೊಂಡ ತಂದೆಯವರು: ತಿಳಿದವರು ದಯವಿಟ್ಟು ಉತ್ತರಿಸಿ

ನಸುಕು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಈಗ 63 ವರ್ಷ. ಎರಡನೇ ವಿಧದ ಮಧುಮೇಹ ಪತ್ತೆಯಾಗಿ 11 ವರ್ಷಗಳಾದವು. ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್, ಹೀಗೆ ಮೂರು ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಆರು ವಾರಗಳ ಹಿಂದೆ ಪರಿಚಿತರೊಬ್ಬರು ಬೆರ್ರಿ ಹಣ್ಣುಗಳು ಮತ್ತು ಹಾಗಲಕಾಯಿ ಸೇರಿಸಿ ಮಾಡಿದ ಪುಡಿಯ ಡಬ್ಬವೊಂದನ್ನು ತಂದುಕೊಟ್ಟರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಎರಡು ಚಮಚ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುತ್ತಿದ್ದಾರೆ.

ಪುಡಿ ಆರಂಭಿಸುವ ಹಿಂದಿನ ದಿನ ಬರಿಹೊಟ್ಟೆಯಲ್ಲಿ 168 ಇದ್ದ ಸಕ್ಕರೆ ಮೂರನೆಯ ವಾರದ ಕೊನೆಯಲ್ಲಿ 139ಕ್ಕೆ ಬಂದಿತ್ತು. ಆ ಎರಡು ಅಂಕಿಗಳನ್ನು ಅವರು ತಮ್ಮ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಸುತ್ತಿಟ್ಟಿದ್ದಾರೆ. ಅದೇ ಧೈರ್ಯದ ಮೇಲೆ ವೈದ್ಯರನ್ನು ಕೇಳದೆ ಎರಡೂ ಸಕ್ಕರೆ ಮಾತ್ರೆಗಳನ್ನು ಅರ್ಧ ಮಾಡಿಕೊಂಡಿದ್ದಾರೆ. ಮಾತ್ರೆಯ ಪಟ್ಟಿಯಲ್ಲಿ ದಿನ ಕಳೆದರೂ ಗುಳಿಗೆಗಳು ಉಳಿದಿರುವುದನ್ನು ಅಮ್ಮ ಗಮನಿಸಿ ಕೇಳಿದಾಗಲೇ ಈ ವಿಷಯ ನಮಗೆ ತಿಳಿದದ್ದು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಸಂಗತಿ. ಸಕ್ಕರೆ ಏರುತ್ತದೆ ಎಂಬ ಭಯದಿಂದ ಅವರು ಐದಾರು ವರ್ಷಗಳಿಂದ ಒಂದು ಹೋಳು ಹಣ್ಣನ್ನೂ ಬಾಯಿಗೆ ಇಟ್ಟಿಲ್ಲ. ಅಂಥವರು ಈಗ ಹಣ್ಣಿನ ಪುಡಿಯೇ ಔಷಧ ಎಂದು ನಂಬಿದ್ದಾರೆ. ಹಣ್ಣು ಕೆಡುಕಾದರೆ ಅದರ ಪುಡಿ ಹೇಗೆ ಒಳಿತಾಗುತ್ತದೆ ಎಂದು ಕೇಳಿದರೆ, ಪುಡಿಯಲ್ಲಿ ಸಾರ ಮಾತ್ರ ಇರುತ್ತದೆ ಎನ್ನುತ್ತಾರೆ. ಹಣ್ಣಿನ ಪೂರಕಗಳಿಂದ ಸಕ್ಕರೆ ನಿಜವಾಗಿಯೂ ಇಳಿಯುತ್ತದೆಯೇ? ಇಳಿಯುವುದಾದರೆ ಎಷ್ಟು? ಅವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಜೊತೆ ಇದು ಹೊಂದುತ್ತದೆಯೇ? ಅವರೊಡನೆ ಜಗಳವಾಡುವುದಕ್ಕೆ ನನಗೆ ಇಷ್ಟವಿಲ್ಲ. ಸರಿಯಾದ ವಿಷಯವನ್ನು ತಿಳಿದುಕೊಂಡು, ಅವರ ಪಕ್ಕದಲ್ಲಿ ಕುಳಿತು ಮಾತನಾಡಬೇಕೆಂದಿದ್ದೇನೆ.

ತಕ್ಕಡಿ

ನಸುಕು ಅವರೇ, ನಾನು ಔಷಧ ವಿಜ್ಞಾನ ಓದಿ, ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವನು. ಮಿಕ್ಕ ಚರ್ಚೆಗೆ ಮೊದಲು ಒಂದು ಮಾತು: ಮಾತ್ರೆ ಕಡಿಮೆ ಮಾಡಿರುವುದನ್ನು ಈ ವಾರವೇ ಅವರ ವೈದ್ಯರಿಗೆ ತಿಳಿಸಿ. ಪುಡಿ ನಿಲ್ಲಿಸುವ ವಿಚಾರವನ್ನು ಸ್ವಲ್ಪ ತಡವಾಗಿ ನಿರ್ಧರಿಸಿದರೂ ನಡೆಯುತ್ತದೆ, ಆದರೆ ಮಾತ್ರೆಯ ವಿಷಯ ಕಾಯುವಂಥದ್ದಲ್ಲ.

ಹಣ್ಣಿನ ಪೂರಕಗಳಲ್ಲಿ ಏನೂ ಇಲ್ಲ ಎಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. ಬೆರ್ರಿ ಹಣ್ಣುಗಳಿಗೆ ನೀಲಿ-ನೇರಳೆ ಬಣ್ಣ ಕೊಡುವ ಆಂಥೋಸಯಾನಿನ್ ಎಂಬ ವಸ್ತುವಿನ ಬಗ್ಗೆ ಒಳ್ಳೆಯ ಪ್ರಯೋಗಗಳು ನಡೆದಿವೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ದೇಹತೂಕ ಹೆಚ್ಚಿದ್ದು ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದ, ಆದರೆ ಇನ್ನೂ ಮಧುಮೇಹ ಬಂದಿರದ 32 ಜನರಿಗೆ ಆರು ವಾರಗಳ ಕಾಲ ಪಾನೀಯ ಕೊಡಲಾಯಿತು. ಅವರಲ್ಲಿ ಒಂದು ಗುಂಪಿನ ಪಾನೀಯದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ 22.5 ಗ್ರಾಂ ಬ್ಲೂಬೆರಿ ಪುಡಿಯನ್ನು ದಿನಕ್ಕೆ ಎರಡು ಬಾರಿ ಬೆರೆಸಿದ್ದರು. ಆ ಗುಂಪಿನಲ್ಲಿ ಇನ್ಸುಲಿನ್‌ನ ಪರಿಣಾಮ ಸುಧಾರಿಸಿತು. 2020ರ ಇನ್ನೊಂದು ಪ್ರಯೋಗ ನಿಮ್ಮ ತಂದೆಯವರ ಸ್ಥಿತಿಗೆ ಹತ್ತಿರವಾದದ್ದು. ಎರಡನೇ ವಿಧದ ಮಧುಮೇಹವಿದ್ದ 52 ಪುರುಷರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ದಿನವೂ 22 ಗ್ರಾಂ ಬ್ಲೂಬೆರಿ ಪುಡಿಯನ್ನೂ ಇನ್ನೊಂದಕ್ಕೆ ಅದೇ ರೀತಿ ಕಾಣುವ ಬೇರೆ ಪುಡಿಯನ್ನೂ ಕೊಟ್ಟರು. ಕೊನೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳುಗಳ ಸಕ್ಕರೆಯ ಸರಾಸರಿಯನ್ನು ಹೇಳುವ ರಕ್ತಪರೀಕ್ಷೆಯ ಅಂಕಿ, ಮೊದಲ ಗುಂಪಿನಲ್ಲಿ 7.1, ಎರಡನೆಯದರಲ್ಲಿ 7.5 ಇತ್ತು. ಬರಿಹೊಟ್ಟೆಯ ಸಕ್ಕರೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ತಂದೆಯವರು ಪುರಾವೆಯೆಂದು ಹಿಡಿದಿರುವುದು ಬರಿಹೊಟ್ಟೆಯ ಅಂಕಿಯನ್ನೇ ಎಂಬುದನ್ನು ದಯವಿಟ್ಟು ಗಮನಿಸಿ. ಜೊತೆಗೆ, ಇವೆಲ್ಲ ಕೆಲವೇ ಜನರ, ಕೆಲವೇ ವಾರಗಳ ಪ್ರಯೋಗಗಳು. ಕಣ್ಣು, ಮೂತ್ರಪಿಂಡ, ಹೃದಯಗಳಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಎಂಟು ವಾರಗಳು ಹೇಳಲಾರವು.

ಹಾಗಲಕಾಯಿಯ ವಿಷಯದಲ್ಲಿ ಭರವಸೆ ಹೆಚ್ಚು, ಪುರಾವೆ ಕಡಿಮೆ. ಎಲ್ಲ ಪ್ರಯೋಗಗಳನ್ನು ಕಲೆಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2012ರ ವಿಮರ್ಶೆಯಲ್ಲಿ ನಾಲ್ಕು ಪ್ರಯೋಗಗಳನ್ನು, ಒಟ್ಟು 479 ಜನರ ಮಾಹಿತಿಯನ್ನು ಪರಿಶೀಲಿಸಿ, ಎರಡನೇ ವಿಧದ ಮಧುಮೇಹಕ್ಕೆ ಇದನ್ನು ಸೂಚಿಸುವಷ್ಟು ಆಧಾರ ಇಲ್ಲ ಎಂದು ತೀರ್ಮಾನಿಸಿತು. 2011ರಲ್ಲಿ ಪ್ರಕಟವಾದ ಥಾಯ್ಲೆಂಡ್‌ನ ನಾಲ್ಕು ವಾರಗಳ ಪ್ರಯೋಗದಲ್ಲಿ ದಿನಕ್ಕೆ 2000 ಮಿಲಿಗ್ರಾಂ ಹಾಗಲ ತೆಗೆದುಕೊಂಡವರಲ್ಲಿ ಸ್ವಲ್ಪ ಇಳಿಕೆ ಕಂಡಿತು, ಆದರೆ ದಿನಕ್ಕೆ 1000 ಮಿಲಿಗ್ರಾಂ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಕಂಡ ಇಳಿಕೆಗಿಂತ ಅದು ಕಡಿಮೆ. ಹಾಗಾಗಿ ಪುಡಿಯನ್ನು ಮಾತ್ರೆಯ ಸ್ಥಾನದಲ್ಲಿ ಕೂರಿಸುವುದಕ್ಕೆ ಪ್ರಯೋಗಗಳ ಬೆಂಬಲವಿಲ್ಲ.

ಸಸ್ಯಗಳಿಂದ ಔಷಧ ಬರುವುದಿಲ್ಲವೇ ಎಂದು ನಿಮ್ಮ ತಂದೆಯವರು ಕೇಳಬಹುದು. ಖಂಡಿತ ಬರುತ್ತದೆ, ಮತ್ತು ಅದರ ದಾರಿ ಎಷ್ಟು ಉದ್ದ ಎಂಬುದು ತಿಳಿದಿರಬೇಕು. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಫ್ಲೋರಿಝಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಮೂತ್ರದಲ್ಲಿ ಸಕ್ಕರೆ ಹೋಗುವಂತೆ ಮಾಡುತ್ತದೆ ಎಂಬುದನ್ನು ಜರ್ಮನಿಯ ಫಾನ್ ಮೇರಿಂಗ್ 1886ರಲ್ಲಿ ತೋರಿಸಿದರು. ಆದರೆ ಬಾಯಿಯ ಮೂಲಕ ಕೊಟ್ಟರೆ ಅದು ಕರುಳಿನಲ್ಲೇ ಒಡೆದುಹೋಗುತ್ತಿತ್ತು ಮತ್ತು ಕರುಳಿನ ಸಕ್ಕರೆ ಹೀರಿಕೆಯನ್ನೂ ತಡೆಯುತ್ತಿತ್ತು. ಅದರ ರಚನೆಯನ್ನು ಮಾರ್ಪಡಿಸಿ, ಮೂತ್ರಪಿಂಡದಲ್ಲಿ ಮಾತ್ರ ಕೆಲಸ ಮಾಡುವಂತೆ ರೂಪಿಸಿದ ಮಾತ್ರೆಗಳು ರೋಗಿಗಳ ಕೈಸೇರಿದ್ದು 2012ರ ನಂತರ. ಇಂದು ಗ್ಲಿಫ್ಲೋಜಿನ್ ಎಂದು ಕೊನೆಗೊಳ್ಳುವ ಹೆಸರಿನ ಮಾತ್ರೆಗಳೆಲ್ಲ ಆ ವಂಶದವೇ. ಸೇಬಿನ ತೊಗಟೆಯನ್ನು ಯಾರೂ ಪುಡಿಮಾಡಿ ಡಬ್ಬದಲ್ಲಿ ತುಂಬಿ ಕೊಡಲಿಲ್ಲ. ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ದೇಹದ ಯಾವ ಭಾಗದಲ್ಲಿ, ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಅದು ಔಷಧವಾಯಿತು.

ಅನುಭವಿ

ಎಲ್ಲರ ಮಾತನ್ನೂ ಗೌರವಿಸುತ್ತಲೇ ನನ್ನ ಅನುಭವವನ್ನು ಹೇಳುತ್ತೇನೆ. ಒಂದೂವರೆ ವರ್ಷದಿಂದ ಹಾಗಲಕಾಯಿಯ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಆರು ತಿಂಗಳಲ್ಲಿ ನನ್ನ ಎಚ್‌ಬಿಎ1ಸಿ 8.2ರಿಂದ 7.1ಕ್ಕೆ ಇಳಿಯಿತು. ನಾನು ಯಾವ ಮಾತ್ರೆಯನ್ನೂ ಬಿಟ್ಟಿಲ್ಲ, ಬಿಡಿ ಎಂದು ಯಾರಿಗೂ ಹೇಳುವುದೂ ಇಲ್ಲ. ಆದರೆ ಕಣ್ಣೆದುರಿಗೆ ಪ್ರಯೋಗಾಲಯದ ವರದಿ ಇರುವಾಗ, ಇದರಿಂದ ಏನೂ ಪ್ರಯೋಜನವಿಲ್ಲ ಎಂಬ ಮಾತನ್ನು ನಾನು ಹೇಗೆ ಒಪ್ಪಲಿ? ದೊಡ್ಡ ಸಂಸ್ಥೆಗಳು ತರಕಾರಿಯೊಂದರ ಮೇಲೆ ಹಣ ಹೂಡಿ ದೊಡ್ಡ ಪ್ರಯೋಗ ನಡೆಸುವುದಿಲ್ಲ. ಹೀಗಿರುವಾಗ ಪುರಾವೆ ಕಡಿಮೆ ಎಂಬುದನ್ನು ಪರಿಣಾಮವೇ ಇಲ್ಲ ಎಂಬಂತೆ ಓದಬಾರದು. ನಸುಕು ಅವರ ತಂದೆಯವರು ಮಾತ್ರೆಯನ್ನು ಮೊದಲಿನ ಪ್ರಮಾಣಕ್ಕೆ ತಂದುಕೊಂಡು ಪುಡಿಯನ್ನು ಮುಂದುವರಿಸಿದರೆ ಏನು ತೊಂದರೆ ಎಂಬುದು ನನ್ನ ಪ್ರಶ್ನೆ.

ಪಥ್ಯದ ಪುಟ

ನಾನು ಆಹಾರ ತಜ್ಞೆ. ಐದಾರು ವರ್ಷಗಳಿಂದ ಹಣ್ಣನ್ನೇ ಬಿಟ್ಟಿದ್ದಾರೆ ಎಂಬ ಸಾಲನ್ನು ಓದಿ ಮನಸ್ಸಿಗೆ ನೋವಾಯಿತು. ಮಧುಮೇಹ ಬಂದವರು ಮೊದಲು ಬಿಡುವುದು ಹಣ್ಣನ್ನು, ಬಿಡಬೇಕಾದ ಎಷ್ಟೋ ಪದಾರ್ಥಗಳನ್ನು ಕೊನೆಗೆ. ಇದನ್ನು ನನ್ನ ಕೆಲಸದಲ್ಲಿ ಪ್ರತಿದಿನ ಕಾಣುತ್ತೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗವನ್ನು ನಾನು ಇಂದಿಗೂ ಎಲ್ಲರಿಗೂ ವಿವರಿಸುತ್ತೇನೆ. ಹತ್ತು ಮಂದಿ ಆರೋಗ್ಯವಂತರಿಗೆ ಸೇಬನ್ನು ಮೂರು ರೂಪಗಳಲ್ಲಿ ಕೊಟ್ಟರು: ಇಡಿಯಾಗಿ, ನುಣ್ಣಗೆ ಅರೆದು, ನಾರು ತೆಗೆದ ರಸವಾಗಿ. ಮೂರರಲ್ಲೂ ಸಕ್ಕರೆಯ ಅಂಶ ಒಂದೇ ಇತ್ತು. ಇಡೀ ಸೇಬನ್ನು ತಿನ್ನುವುದಕ್ಕೆ ಹಿಡಿದ ಸಮಯದ ಹನ್ನೊಂದನೆಯ ಒಂದು ಭಾಗದಲ್ಲಿ ರಸವನ್ನು ಕುಡಿದು ಮುಗಿಸಬಹುದಾಗಿತ್ತು. ರಸ ಕುಡಿದಾಗ ಇನ್ಸುಲಿನ್ ಹೆಚ್ಚು ಏರಿತು, ಬಳಿಕ ಸಕ್ಕರೆ ಸರ್ರನೆ ಕೆಳಗಿಳಿಯಿತು, ಹೊಟ್ಟೆ ತುಂಬಿದ ಭಾವವೂ ಕಡಿಮೆಯಾಗಿತ್ತು. ಅರೆದ ಸೇಬು ಇವೆರಡರ ನಡುವೆ ನಿಂತಿತು. ಹಣ್ಣಿನ ಗುಣ ಅದರಲ್ಲಿರುವ ವಸ್ತುಗಳಿಂದ ಮಾತ್ರ ಬರುವುದಿಲ್ಲ, ಆ ವಸ್ತುಗಳನ್ನು ಹಿಡಿದಿಟ್ಟಿರುವ ಕಟ್ಟಡದಿಂದಲೂ ಬರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಲ್ಲಿನಿಂದ ಜಗಿದು ಒಡೆಯಬೇಕಾದ ಕೋಶಗಳ ಗೋಡೆ, ಹೊಟ್ಟೆಯಲ್ಲಿ ಲೋಳೆಯಾಗಿ ಆಹಾರವನ್ನು ನಿಧಾನಗೊಳಿಸುವ ಪೆಕ್ಟಿನ್, ನೀರು, ಇವೆಲ್ಲ ಸೇರಿ ಸಕ್ಕರೆಗೆ ಕಡಿವಾಣ ಹಾಕುತ್ತವೆ.

ದೊಡ್ಡ ಜನಸಮುದಾಯಗಳ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ಅಮೆರಿಕದ ಮೂರು ದೀರ್ಘಾವಧಿ ಅಧ್ಯಯನಗಳ 1,87,382 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಬ್ಲೂಬೆರಿ, ದ್ರಾಕ್ಷಿ, ಸೇಬುಗಳನ್ನು ಇಡಿಯಾಗಿ ಹೆಚ್ಚು ತಿನ್ನುವವರಲ್ಲಿ ಎರಡನೇ ವಿಧದ ಮಧುಮೇಹ ಬರುವ ಸಾಧ್ಯತೆ ಕಡಿಮೆ ಇತ್ತು, ಹಣ್ಣಿನ ರಸವನ್ನು ಹೆಚ್ಚು ಕುಡಿಯುವವರಲ್ಲಿ ಜಾಸ್ತಿ ಇತ್ತು. ಚೀನಾದ ಸುಮಾರು 5 ಲಕ್ಷ ವಯಸ್ಕರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಗಲೇ ಮಧುಮೇಹವಿದ್ದವರ ಪೈಕಿ ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ತಾಜಾ ಹಣ್ಣು ತಿನ್ನುತ್ತಿದ್ದವರಲ್ಲಿ ಮರಣದ ಅಪಾಯ ಶೇ. 17ರಷ್ಟು ಕಡಿಮೆ ಕಂಡಿತು. ಇಂಥ ಅಧ್ಯಯನಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ. ಹಣ್ಣು ತಿನ್ನುವವರು ಬೇರೆ ವಿಷಯಗಳಲ್ಲೂ ಎಚ್ಚರದಿಂದ ಬದುಕುವವರಾಗಿರಬಹುದು. ಆದರೂ ಇಡೀ ಹಣ್ಣನ್ನು ಶತ್ರುವೆಂದು ಕಾಣುವುದಕ್ಕೆ ಇವುಗಳಲ್ಲಿ ಎಲ್ಲಿಯೂ ಆಧಾರ ಸಿಗುವುದಿಲ್ಲ.

ಒಂದು ಕೋರಿಕೆ. ಆ ಡಬ್ಬದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಏನು ಮುದ್ರಿಸಿದ್ದಾರೆ ಎಂಬುದನ್ನು ಇಲ್ಲಿ ಬರೆಯುತ್ತೀರಾ? ಮುಂಬದಿಯ ಚಿತ್ರ ಬೇಡ. ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶಗಳ ಕೋಷ್ಟಕ ಸಾಕು.

ತಕ್ಕಡಿ

ಅನುಭವಿ ಅವರೇ, ನಿಮ್ಮ ವರದಿಯನ್ನು ನಾನು ಅಲ್ಲಗಳೆಯುವುದಿಲ್ಲ. 8.2ರಿಂದ 7.1ಕ್ಕೆ ಬಂದದ್ದು ನಿಜವಾದ, ದೊಡ್ಡ ಸುಧಾರಣೆ. ಆದರೆ ಆ ಆರು ತಿಂಗಳಲ್ಲಿ ಕ್ಯಾಪ್ಸೂಲ್ ಒಂದೇ ಹೊಸದಾಗಿ ಬಂದದ್ದೇ? ಊಟದ ಪ್ರಮಾಣ, ನಡಿಗೆ, ತೂಕ, ನಿದ್ರೆ, ಮಾತ್ರೆ ತೆಗೆದುಕೊಳ್ಳುವ ಶಿಸ್ತು, ಇವುಗಳಲ್ಲಿ ಏನಾದರೂ ಬದಲಾಗಿತ್ತೇ? ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮನುಷ್ಯರು ಹೊಸ ಚಿಕಿತ್ಸೆಯನ್ನು ಆರಂಭಿಸುವುದು ಸಾಮಾನ್ಯವಾಗಿ ಅಂಕಿ ತೀರ ಕೆಟ್ಟಿರುವ ದಿನ. ಅತಿಗೆ ಹೋದ ಅಂಕಿ ಏನೂ ಮಾಡದಿದ್ದರೂ ಮುಂದಿನ ಅಳತೆಯಲ್ಲಿ ಸರಾಸರಿಯ ಕಡೆಗೆ ಸರಿಯುವ ಸಂಭವ ಹೆಚ್ಚು.

ಮಾತ್ರೆಯ ಜೊತೆ ಮುಂದುವರಿಸಿದರೆ ಏನು ತೊಂದರೆ ಎಂಬ ನಿಮ್ಮ ಪ್ರಶ್ನೆಗೆ ಎರಡು ಉತ್ತರಗಳಿವೆ. ಗ್ಲಿಮೆಪಿರೈಡ್ ಎಂಬುದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಊಟ ತಪ್ಪಿದರೆ ಅದೊಂದೇ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಸಕ್ಕರೆ ಇಳಿಸುವ ಇನ್ನೊಂದು ವಸ್ತುವನ್ನು ಅದರ ಜೊತೆ ಸೇರಿಸುವುದಾದರೆ ವೈದ್ಯರಿಗೆ ತಿಳಿಸಿಯೇ ಸೇರಿಸಬೇಕು. ಎರಡನೆಯದು ಇನ್ನೂ ಗಂಭೀರ. ಗಿಡಮೂಲಿಕೆ ಎಂದು ಮಾರಾಟವಾಗುವ ಸಕ್ಕರೆ ಪೂರಕಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್, ಅಷ್ಟೇ ಅಲ್ಲ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿಸುತ್ತದೆ ಎಂಬ ಕಾರಣಕ್ಕೆ 1970ರ ದಶಕದಲ್ಲೇ ಹಲವು ದೇಶಗಳು ಹಿಂತೆಗೆದುಕೊಂಡ ಫೆನ್‌ಫಾರ್ಮಿನ್ ಕೂಡ ಗುಟ್ಟಾಗಿ ಬೆರೆತಿದ್ದದ್ದು ಔಷಧ ನಿಯಂತ್ರಕರ ಪರೀಕ್ಷೆಗಳಲ್ಲಿ ಹಲವು ಬಾರಿ ಪತ್ತೆಯಾಗಿದೆ. ಪುಡಿಯೊಂದು ಕೆಲವೇ ದಿನಗಳಲ್ಲಿ ಸಕ್ಕರೆಯನ್ನು ಧಡಕ್ಕನೆ ಇಳಿಸಿದರೆ ನನಗೆ ಸಂತೋಷಕ್ಕಿಂತ ಅನುಮಾನವೇ ಮೊದಲು ಹುಟ್ಟುತ್ತದೆ.

ಒಂದನೇ ವಿಧ

ನಾನು 24 ವರ್ಷಗಳಿಂದ ಇನ್ಸುಲಿನ್ ಮೇಲಿರುವವಳು. ಪೂರಕಗಳ ಬಗ್ಗೆ ಹೇಳುವಷ್ಟು ಓದಿಲ್ಲ, ಆದರೆ ಅಳತೆಯ ಬಗ್ಗೆ ಹೇಳಬಲ್ಲೆ, ಏಕೆಂದರೆ ದಿನಕ್ಕೆ ಆರೇಳು ಬಾರಿ ಅಳೆದು ಬದುಕುತ್ತಿದ್ದೇನೆ.

ಮನೆಯಲ್ಲಿ ಬಳಸುವ ಗ್ಲುಕೋಮೀಟರ್‌ಗಳಿಗೆ 2013ರ ಅಂತರರಾಷ್ಟ್ರೀಯ ಮಾನದಂಡವು ಒಪ್ಪುವ ವ್ಯತ್ಯಾಸ, 100 ಮತ್ತು ಅದಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ. 15. ಅಂದರೆ ನಿಜವಾದ ಸಕ್ಕರೆ 155 ಇದ್ದಾಗ ಒಳ್ಳೆಯ ಮೀಟರ್ ಕೂಡ ಒಂದು ದಿನ 168 ಎಂದೂ ಇನ್ನೊಂದು ದಿನ 139 ಎಂದೂ ತೋರಿಸಬಹುದು. ಎರಡು ಸುತ್ತು ಹಾಕಿದ ಅಂಕಿಗಳಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.

ಇನ್ನೊಂದು ವಿಷಯ ನಾನೇ ಪೆಟ್ಟು ತಿಂದು ಕಲಿತದ್ದು. ಕಿತ್ತಳೆ ಸುಲಿದ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಚುಚ್ಚಿದೆ, ಮೀಟರ್ 271 ಎಂದಿತು. ಇನ್ಸುಲಿನ್ ಪೆನ್ನು ಕೈಗೆತ್ತಿಕೊಂಡಿದ್ದೆ. ಏನೋ ಅನುಮಾನ ಬಂದು ಸೋಪು ಹಾಕಿ ಕೈ ತೊಳೆದು ಮತ್ತೆ ನೋಡಿದೆ, 104 ಇತ್ತು. ಆ ದಿನ ಕೈ ತೊಳೆಯದಿದ್ದರೆ ಏನಾಗುತ್ತಿತ್ತೋ ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಜಪಾನಿನ ಸಂಶೋಧಕರು 2011ರಲ್ಲಿ ಇದನ್ನೇ ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ. ಹಣ್ಣು ಸುಲಿದ ಬೆರಳನ್ನು ಐದು ಬಾರಿ ಸ್ಪಿರಿಟ್‌ನಿಂದ ಒರೆಸಿದರೂ ಅಂಕಿ ಸುಳ್ಳಾಗಿ ಏರಿಯೇ ಇತ್ತು, ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಸರಿಹೋಯಿತು. ಪುಡಿ ಕಲಸಿದ ಕೈಗೂ ಇದೇ ಎಚ್ಚರ ಬೇಕು. ತೋಳಿಗೆ ಅಂಟಿಸುವ ಕೆಲವು ನಿರಂತರ ಮಾಪಕಗಳು ಸಿ ಜೀವಸತ್ವದ ಪೂರಕ ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ಹೆಚ್ಚಿನ ಅಂಕಿ ತೋರಿಸುತ್ತವೆ. ಹಣ್ಣಿನ ಸಾರದ ಕ್ಯಾಪ್ಸೂಲ್‌ಗಳಲ್ಲಿ ಸಿ ಜೀವಸತ್ವ ಸೇರಿಸಿರುವುದು ಸಾಮಾನ್ಯ.

ಹಣ್ಣಿನ ರಸವನ್ನು ಪೂರ್ತಿ ದೂರುವುದೂ ಬೇಡ. ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರಿ ಕೈ ನಡುಗುವಾಗ ನನ್ನನ್ನು ಉಳಿಸುವುದು ಅರ್ಧ ಲೋಟ ರಸವೇ. ಆಗ ಇಡೀ ಸೇಬನ್ನು ಜಗಿಯುತ್ತ ಕೂರುವಷ್ಟು ಸಮಯವಿರುವುದಿಲ್ಲ.

ನಸುಕು

ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಅಪ್ಪನವರ ವೈದ್ಯರೊಡನೆ ನಿನ್ನೆ ಮಾತನಾಡಿದೆವು. ಮಾತ್ರೆಗಳನ್ನು ಮೊದಲಿನ ಪ್ರಮಾಣಕ್ಕೆ ತರಲು ಹೇಳಿ, ಪುಡಿಯನ್ನು ಸದ್ಯಕ್ಕೆ ನಿಲ್ಲಿಸಿ, ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ.

ಡಬ್ಬದ ಹಿಂಬದಿಯಲ್ಲಿರುವುದನ್ನು ಇಲ್ಲಿ ಕೊಡುತ್ತಿದ್ದೇನೆ. ಒಂದು ಬಾರಿಯ ಪ್ರಮಾಣ ಎರಡು ಚಮಚ, 12 ಗ್ರಾಂ. ಅದರಲ್ಲಿ ಕಾರ್ಬೋಹೈಡ್ರೇಟ್ 10 ಗ್ರಾಂ, ಸಕ್ಕರೆ 4 ಗ್ರಾಂ, ನಾರು 0.5 ಗ್ರಾಂ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಆಮೇಲೆ ಹಣ್ಣುಗಳ ಮಿಶ್ರಣ ಎಂದಷ್ಟೇ ಇದೆ, ಯಾವ ಹಣ್ಣು ಎಷ್ಟು ಎಂಬುದಿಲ್ಲ. ಕೊನೆಯಲ್ಲಿ ಹಾಗಲಕಾಯಿಯ ಸಾರ, ಸಿಟ್ರಿಕ್ ಆಮ್ಲ, ಬಣ್ಣ. ಡಬ್ಬದೊಳಗೆ ಮಡಚಿಟ್ಟ ಒಂದು ಹಾಳೆಯೂ ಸಿಕ್ಕಿತು. ಪುಡಿಯ ಪೂರ್ಣ ಫಲ ಸಿಗಬೇಕಾದರೆ ದಿನಕ್ಕೆ ಅರ್ಧ ಗಂಟೆ ನಡೆಯಬೇಕು, ಸಿಹಿ ಬಿಡಬೇಕು, ರಾತ್ರಿಯ ಊಟವನ್ನು ಬೇಗ ಮುಗಿಸಬೇಕು ಎಂದು ಅದರಲ್ಲಿ ಬರೆದಿದೆ. ಅಪ್ಪ ಆ ಮೂರನ್ನೂ ಅಕ್ಷರಶಃ ಪಾಲಿಸುತ್ತಿದ್ದರಂತೆ.

ಪಥ್ಯದ ಪುಟ

ಆ ಹಾಳೆಯೇ ನಿಮ್ಮ ಮೊದಲ ಪ್ರಶ್ನೆಗೆ ಬಹುಪಾಲು ಉತ್ತರ ಕೊಟ್ಟಿದೆ. ಮೂರು ವಾರ ತಪ್ಪದೆ ನಡೆದು, ಸಿಹಿ ಬಿಟ್ಟು, ಬೇಗ ಉಂಡ ಯಾರಲ್ಲಾದರೂ ಬೆಳಗಿನ ಸಕ್ಕರೆ ಸ್ವಲ್ಪ ಇಳಿಯುವುದು ಸಹಜ. ಆ ಶ್ರೇಯಸ್ಸು ನಿಮ್ಮ ತಂದೆಯವರಿಗೆ ಸಲ್ಲಬೇಕು. ಅವರೊಡನೆ ಮಾತನಾಡುವಾಗ ಇದನ್ನು ಮೊದಲು ಹೇಳಿ.

ಇನ್ನು ಮಾಲ್ಟೋಡೆಕ್ಸ್‌ಟ್ರಿನ್ ವಿಷಯ. ಹಣ್ಣಿನ ರಸವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವಾಗ ಅದರಲ್ಲಿರುವ ಸಕ್ಕರೆಗಳು ಅಂಟಾಗಿ ಯಂತ್ರದ ಗೋಡೆಗೆ ಮೆತ್ತಿಕೊಳ್ಳುತ್ತವೆ. ಅದನ್ನು ತಪ್ಪಿಸಿ ಉದುರುದುರಾದ ಪುಡಿ ಪಡೆಯಲು ಪಿಷ್ಟದಿಂದ ತಯಾರಿಸಿದ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸುತ್ತಾರೆ. ರುಚಿಯಲ್ಲಿ ಅದು ಅಷ್ಟೇನೂ ಸಿಹಿಯಲ್ಲ, ಕೋಷ್ಟಕದ ಸಕ್ಕರೆಯ ಸಾಲಿನಲ್ಲೂ ಬಹುಪಾಲು ಕಾಣಿಸಿಕೊಳ್ಳುವುದಿಲ್ಲ, ಆದರೆ ಕರುಳಿನಲ್ಲಿ ಬೇಗನೆ ಗ್ಲುಕೋಸ್ ಆಗಿ ಒಡೆದು ರಕ್ತವನ್ನು ಸೇರುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ. ಹೀಗಾಗಿ ಆ ಡಬ್ಬದಲ್ಲಿ ಅತಿ ಹೆಚ್ಚು ಇರುವುದು ಹಣ್ಣಲ್ಲ. ತಕ್ಕಡಿ ಅವರು ಹೇಳಿದ ಪ್ರಯೋಗದಲ್ಲಿ 22 ಗ್ರಾಂ ಶುದ್ಧ ಬ್ಲೂಬೆರಿ ಪುಡಿ ಇತ್ತು. ಇಲ್ಲಿ 12 ಗ್ರಾಂ ಮಿಶ್ರಣದಲ್ಲಿ ಅದು ಎಷ್ಟಿದೆಯೋ ಹೇಳುವವರಿಲ್ಲ. ಆ ಪ್ರಯೋಗದ ಫಲಿತಾಂಶವನ್ನು ಈ ಡಬ್ಬಕ್ಕೆ ಅಂಟಿಸಲು ಬರುವುದಿಲ್ಲ.

ಎರಡನೇ ಪಾಳಿ

ನಾನು ಡಯಾಲಿಸಿಸ್ ವಿಭಾಗದ ದಾದಿ. ಚರ್ಚೆಯಲ್ಲಿ ಬಾರದ ಒಂದು ಮಾತನ್ನು ಸೇರಿಸುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. 11 ವರ್ಷಗಳ ಮಧುಮೇಹ ಎಂದರೆ ಮೂತ್ರಪಿಂಡದ ಕೆಲಸ ಹೇಗಿದೆ ಎಂಬುದನ್ನು ತಿಳಿಯದೆ ಯಾವ ಹಣ್ಣಿನ ಸಾರವನ್ನೂ ಆರಂಭಿಸಬಾರದು. ರಕ್ತದ ಕ್ರಿಯಾಟಿನಿನ್, ಅದರಿಂದ ಲೆಕ್ಕ ಹಾಕುವ ಇ-ಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು), ಮೂತ್ರದ ಆಲ್ಬುಮಿನ್, ಈ ಮೂರನ್ನೂ ನೋಡಿಸಿ.

ಮೂತ್ರಪಿಂಡ ದುರ್ಬಲವಾದವರ ದೇಹದಲ್ಲಿ ಪೊಟ್ಯಾಶಿಯಂ ಉಳಿದುಬಿಡುತ್ತದೆ, ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಆರೋಗ್ಯ ಪಾನೀಯವೆಂದು ಕುಡಿಯುವ ನೋನಿ ರಸದಲ್ಲಿ ಕಿತ್ತಳೆ ರಸದಲ್ಲಿ ಇರುವಷ್ಟೇ ಪೊಟ್ಯಾಶಿಯಂ ಇದೆ, ಆದರೆ ಕಿತ್ತಳೆಯನ್ನು ಜಾಗರೂಕತೆಯಿಂದ ಬಿಟ್ಟ ರೋಗಿಗಳೇ ನೋನಿಯನ್ನು ಔಷಧವೆಂದು ಕುಡಿಯುತ್ತಾರೆ. ನಕ್ಷತ್ರದಾಕಾರದ ಕಮರಾಕ್ಷಿ ಹಣ್ಣು ಇನ್ನೂ ಅಪಾಯಕಾರಿ. ಅದರಲ್ಲಿರುವ ಆಕ್ಸಲೇಟ್ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾರಂಬಾಕ್ಸಿನ್ ಎಂಬ ವಿಷ ನರಗಳನ್ನು ಬಾಧಿಸುತ್ತದೆ. ಆರೋಗ್ಯವಂತರು ತಿಂದು ಅರಗಿಸಿಕೊಳ್ಳುವ ಪ್ರಮಾಣವೇ ನಮ್ಮ ರೋಗಿಗಳಿಗೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಸಾವನ್ನೂ ತಂದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ನಸುಕು ಅವರ ತಂದೆಯವರು ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿರುವುದರಿಂದ ಗ್ರೇಪ್‌ಫ್ರೂಟ್ (ಇದು ದ್ರಾಕ್ಷಿಯಲ್ಲ, ಚಕ್ಕೋತದ ಜಾತಿಯ ಹಣ್ಣು) ಮತ್ತು ಅದರ ಸಾರವಿರುವ ಕ್ಯಾಪ್ಸೂಲ್‌ಗಳಿಂದಲೂ ದೂರವಿರಲಿ. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಆ ಹಣ್ಣು ಕೆಲಸ ಮಾಡದಂತೆ ತಡೆಯುತ್ತದೆ, ಔಷಧ ರಕ್ತದಲ್ಲಿ ಹೆಚ್ಚಾಗಿ ಸೇರುತ್ತದೆ, ಸ್ನಾಯುಗಳಿಗೆ ಹಾನಿಯಾಗುವ ಸಂಭವ ಏರುತ್ತದೆ. ಒಂದು ಸಲ ತಿಂದರೆ ಅದರ ಪ್ರಭಾವ ಮಾರನೆಯ ದಿನದವರೆಗೂ ಇರುತ್ತದೆ. ಆದುದರಿಂದ ಮಾತ್ರೆಗೂ ಹಣ್ಣಿಗೂ ನಡುವೆ ನಾಲ್ಕು ಗಂಟೆ ಬಿಟ್ಟರೆ ಸಾಕು ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಅನುಭವಿ

ತಕ್ಕಡಿ ಅವರ ಪ್ರಶ್ನೆಗೆ ಉತ್ತರಿಸಲು ಹಳೆಯ ದಿನಚರಿ ತೆಗೆದು ನೋಡಿದೆ. ಕ್ಯಾಪ್ಸೂಲ್ ಆರಂಭಿಸಿದ ತಿಂಗಳಲ್ಲೇ ಬೆಳಗಿನ ನಡಿಗೆಯನ್ನೂ ಆರಂಭಿಸಿದ್ದೆ, ಆರು ತಿಂಗಳಲ್ಲಿ 7 ಕಿಲೋ ಇಳಿದಿದ್ದೆ. ಇದನ್ನು ನಾನು ಮರೆತಿರಲಿಲ್ಲ, ಆದರೆ ಎರಡನ್ನೂ ಜೋಡಿಸಿ ಯೋಚಿಸಿರಲಿಲ್ಲ. ಕ್ಯಾಪ್ಸೂಲ್ ನನಗೆ ಏನೂ ಮಾಡಿಲ್ಲ ಎಂದು ಈಗಲೂ ಹೇಳಲಾರೆ. ಅದನ್ನು ನುಂಗುವಾಗಲೆಲ್ಲ ನಾನು ನನ್ನ ಕಾಯಿಲೆಯ ಕಡೆ ಗಮನ ಕೊಡುತ್ತಿದ್ದೇನೆ ಎಂಬ ನೆನಪು ಬರುತ್ತಿತ್ತು, ಮತ್ತು ಆ ನೆನಪಿನಿಂದಲೇ ನಡಿಗೆ ತಪ್ಪಲಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸಿ, ಮೂರು ತಿಂಗಳು ಕ್ಯಾಪ್ಸೂಲ್ ಬಿಟ್ಟು, ಉಳಿದದ್ದನ್ನೆಲ್ಲ ಹಾಗೆಯೇ ನಡೆಸಿಕೊಂಡು ಹೋಗಿ, ಎಚ್‌ಬಿಎ1ಸಿ ಮಾಡಿಸುತ್ತೇನೆ. ಫಲಿತಾಂಶ ಏನೇ ಬಂದರೂ ಇಲ್ಲಿ ಬರೆಯುತ್ತೇನೆ.

ನಸುಕು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಅಪ್ಪನ ಎಚ್‌ಬಿಎ1ಸಿ 8.1 ಬಂದಿದೆ. ಆರು ತಿಂಗಳ ಹಿಂದೆ 7.4 ಇತ್ತು. ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳುಗಳ ಸರಾಸರಿಯನ್ನು ಹೇಳುತ್ತದೆ ಎಂದು ವೈದ್ಯರು ವಿವರಿಸಿದಾಗ ಅಪ್ಪ ತಮ್ಮ ಪುಸ್ತಕವನ್ನು ತೆರೆದು, ಕೆಂಪು ಸುತ್ತು ಹಾಕಿದ ಎರಡು ಅಂಕಿಗಳ ನಡುವಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಊಟದ ನಂತರದ ಸಕ್ಕರೆಯನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಮೂತ್ರಪಿಂಡದ ಪರೀಕ್ಷೆಗಳು ಸದ್ಯ ಸರಿಯಾಗಿವೆ, ಇದರಿಂದ ಅಮ್ಮನಿಗೆ ಎಷ್ಟೋ ನೆಮ್ಮದಿಯಾಗಿದೆ.

ಪಥ್ಯದ ಪುಟ ಅವರು ಹೇಳಿದಂತೆ, ನಡಿಗೆ ಮತ್ತು ಬೇಗನೆಯ ಊಟದ ಶ್ರೇಯಸ್ಸು ಅವರದೇ ಎಂಬ ಮಾತಿನಿಂದ ಆರಂಭಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಗಾದರೆ ಹಣ್ಣನ್ನು ಇಷ್ಟು ವರ್ಷ ಬಿಟ್ಟದ್ದು ಯಾಕೆ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ನನ್ನಲ್ಲಿ ಉತ್ತರವಿರಲಿಲ್ಲ.

ವೈದ್ಯರ ಒಪ್ಪಿಗೆಯ ಮೇಲೆ ಮೂರು ದಿನಗಳಿಂದ ಸಂಜೆ ನಾಲ್ಕಕ್ಕೆ ಅರ್ಧ ಸೇಬನ್ನು ಸಿಪ್ಪೆ ಸಮೇತ ತಿನ್ನುತ್ತಿದ್ದಾರೆ. ಸೋಪಿನಲ್ಲಿ ಕೈ ತೊಳೆದು ಮೊದಲೊಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯುತ್ತಾರೆ. ಮೊದಲ ದಿನ 142 ಮತ್ತು 161, ಎರಡನೆಯ ದಿನ 150 ಮತ್ತು 158, ಇಂದು 137 ಮತ್ತು 155. ಎರಡು ಗಂಟೆಯ ಅಂಕಿ 180ರ ಒಳಗೆ ಇರಬೇಕೆಂದು ವೈದ್ಯರು ಗುರಿ ಕೊಟ್ಟಿದ್ದಾರೆ. ಈ ಬಾರಿ ಅಪ್ಪ ಯಾವ ಅಂಕಿಗೂ ಸುತ್ತು ಹಾಕಿಲ್ಲ. ಮುಂದಿನ ವಾರ ಸೇಬಿನ ಬದಲು ದ್ರಾಕ್ಷಿ ತಿಂದು ನೋಡಬೇಕು, ಎಷ್ಟು ಹಣ್ಣು ಎಂದು ಕೇಳಿ ಬರೆ ಎಂದು ನನಗೆ ಹೇಳಿದ್ದಾರೆ. ಪಥ್ಯದ ಪುಟ ಅವರೇ, ಎಷ್ಟು ಎಂದು ತಿಳಿಸುತ್ತೀರಾ?

ಪಥ್ಯದ ಪುಟ

ಸಾಧಾರಣ ಗಾತ್ರದ್ದಾದರೆ 15 ಹಣ್ಣುಗಳಿಂದ ಆರಂಭಿಸಲಿ, ಒಣದ್ರಾಕ್ಷಿ ಬೇಡ. ಒಂದೊಂದನ್ನೇ ಜಗಿದು ತಿನ್ನಲಿ, ಮತ್ತು ಚುಚ್ಚುವ ಮೊದಲು ಕೈ ತೊಳೆಯುವುದನ್ನು ದ್ರಾಕ್ಷಿಯ ದಿನ ಖಂಡಿತ ಮರೆಯಬಾರದು.